ಕೀಮೋ ನಡುವೆ ರೂಟ್ ಕೆನಾಲ್: ನನ್ನ ಅನುಭವ

ಕೀಮೋ ತಗೊಳ್ಳುತ್ತಿರುವವರು ಹಲ್ಲುನೋವು ಅಂತ ಬಂದರೆ ಹಲ್ಲಿನ ವೈದ್ಯನಾದ ನಾನು ಮೊದಲು ಕೇಳುವುದು ಕೊನೆಯ ಡೋಸ್ ಯಾವತ್ತು ಆಯಿತು, ಮುಂದಿನದು ಯಾವಾಗ ಅಂತ. ಡೋಸ್ ಆಗಿ 7ರಿಂದ 14 ದಿನದ ಹೊತ್ತಿಗೆ ಸಾಮಾನ್ಯವಾಗಿ ಸೋಂಕು ತಡೆಯುವ ಬಿಳಿ ರಕ್ತಕಣ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಎರಡೂ ತೀರಾ ಇಳಿದಿರುತ್ತವೆ. ಮುಂದಿನ ಡೋಸ್ ಹತ್ತಿರ ಬರುವಾಗ ಮತ್ತೆ ಏರುತ್ತವೆ. ಆ ಕೆಲವೇ ದಿನ ನಮ್ಮ ಕೆಲಸಕ್ಕೆ ಸಿಗುತ್ತದೆ.

ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆಯಲ್ಲಿದ್ದ ಒಬ್ಬರು ಹತ್ತನೇ ದಿನ ಬಂದಿದ್ದರು. ಕೆಳಗಿನ ದವಡೆ ಹಲ್ಲು, ರಾತ್ರಿಯೆಲ್ಲ ನಿದ್ದೆಯಿಲ್ಲ. ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣದ ಎಣಿಕೆ 600 ಇತ್ತು, ನಾನು 1,000ಕ್ಕಿಂತ ಕಡಿಮೆ ಇದ್ದರೆ ತುರ್ತು ಇಲ್ಲದೆ ಕೈ ಹಾಕುವುದಿಲ್ಲ. ಜ್ವರ, ಊತ ಇರಲಿಲ್ಲ. ಅವರ ಕ್ಯಾನ್ಸರ್ ವೈದ್ಯರಿಗೆ ಅಲ್ಲೇ ಫೋನ್ ಮಾಡಿ, ಯಾವ ನೋವಿನ ಮಾತ್ರೆ ಕೊಡಬಹುದು ಅಂತ ಕೇಳಿಕೊಂಡೆ. ಪ್ಲೇಟ್‌ಲೆಟ್ ಕಡಿಮೆ ಇದ್ದಾಗ ಐಬುಪ್ರೊಫೆನ್ ಸುಮ್ನೆ ಬರೆದುಕೊಡುವ ಹಾಗಿಲ್ಲ, ಪ್ಯಾರಾಸಿಟಮಾಲ್ ಕೊಟ್ಟರೆ ಜ್ವರ ಬಂದದ್ದೇ ಗೊತ್ತಾಗದೆ ಹೋಗಬಹುದು. ಜ್ವರ ಬಂದರೆ ನನಗಲ್ಲ, ಮೊದಲು ಕ್ಯಾನ್ಸರ್ ವೈದ್ಯರಿಗೆ ಹೇಳಿ ಅಂತ ಎರಡು ಸಲ ಹೇಳಿ ಕಳಿಸಿದೆ. ನೋವಲ್ಲಿರುವವರನ್ನು ಹಾಗೆ ವಾಪಸ್ ಕಳಿಸುವುದು ತುಂಬಾ ಕಷ್ಟ.

ಎಂಟು ದಿನದ ಮೇಲೆ ಎಣಿಕೆ 1,800 ಆಯಿತು. ರೂಟ್ ಕೆನಾಲ್, ಅಂದರೆ ಹಲ್ಲಿನ ಬೇರಿನೊಳಗೆ ಸ್ವಚ್ಛ ಮಾಡಿ ತುಂಬುವ ಕೆಲಸ, ಒಂದೇ ಸಲಕ್ಕೆ ಮುಗಿಸಿದೆ, ಯಾಕಂದರೆ ತಾತ್ಕಾಲಿಕ ಫಿಲ್ಲಿಂಗ್ ಸೋರಿ ಮತ್ತೆ ಸೋಂಕು ಆಗುವ ಹೊತ್ತಿಗೆ ಎಣಿಕೆ ಪುನಃ ಕೆಳಗಿದ್ದರೆ ಏನು ಮಾಡೋದು? ಹಲ್ಲನ್ನು ಎಂಜಲಿನಿಂದ ಬೇರೆ ಮಾಡುವ ರಬ್ಬರ್ ಹಾಳೆಯ (ರಬ್ಬರ್ ಡ್ಯಾಮ್) ಕ್ಲಾಂಪ್ ವಸಡನ್ನು ಕಚ್ಚದ ಹಾಗೆ ಕೂರಿಸಿದೆ, ಬೇರಿನ ಒಳಗೆ ಸ್ವಚ್ಛ ಮಾಡುವ ಸಣ್ಣ ಸೂಜಿಯಂಥ ಫೈಲ್ ಬೇರಿನ ತುದಿ ದಾಟದ ಹಾಗೆ, ತುದಿ ಎಲ್ಲಿದೆ ಅಂತ ತೋರಿಸುವ ಅಪೆಕ್ಸ್ ಲೊಕೇಟರ್‌ನಲ್ಲಿ ಮತ್ತೆ ಮತ್ತೆ ನೋಡಿಕೊಂಡೆ. ಬಾಯಲ್ಲಿ ಹುಣ್ಣಿದ್ದವು, ತುಟಿಗೆ ವ್ಯಾಸಲಿನ್ ಹಚ್ಚಿ, ಮಧ್ಯೆ ಮಧ್ಯೆ ಬಿಡುವು ಕೊಟ್ಟೆ.

ಇನ್ನೊಂದು ವಿಷಯ ಹೇಳಲೇಬೇಕು. ವಿನ್‌ಕ್ರಿಸ್ಟಿನ್ ಎಂಬ ಕೀಮೋ ಔಷಧಿ ನರಕ್ಕೆ ತೊಂದರೆ ಕೊಟ್ಟು, ಥೇಟ್ ಹಲ್ಲುನೋವಿನ ಹಾಗೇ ನೋವು ತರಬಹುದು. ಲಿಂಫೋಮಾ (ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್) ಇದ್ದು ಇದೇ ಔಷಧಿ ತಗೊಳ್ಳುತ್ತಿದ್ದ ಒಬ್ಬ ಹುಡುಗನಿಗೆ ಕೆಳಗಿನ ಎರಡೂ ಕಡೆ ದವಡೆ ಹಲ್ಲು ನೋವು. ಎಕ್ಸ್‌ರೇ ಸರಿ ಇತ್ತು, ಹಲ್ಲಿಗೆ ತಣ್ಣಗಿನದ್ದು ತಾಗಿಸಿ ನರ ನೋಡುವ ಪರೀಕ್ಷೆಯೂ ಸರಿ. ಡ್ರಿಲ್ ಕೈಗೆ ತಗೊಂಡಿದ್ದವನು ಔಷಧಿ ಪಟ್ಟಿ ಇನ್ನೊಮ್ಮೆ ನೋಡಿ ಕೆಳಗಿಟ್ಟೆ. ಕೆಲವು ದಿನದಲ್ಲಿ ನೋವು ತಾನಾಗಿ ಹೋಯಿತು.

ದವಡೆಗೆ ರೇಡಿಯೇಷನ್ ಆದವರಲ್ಲಿ, ಮೂಳೆ ಸವೆತ ತಡೆಯುವ ಜೊಲೆಡ್ರಾನಿಕ್ ಆಸಿಡ್ ಎಂಬ ಔಷಧಿ ತಗೊಳ್ಳುವವರಲ್ಲಿ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆ ಸಾಯುವ ಅಪಾಯ ಇದೆ. ಅದಕ್ಕೇ ಉಳಿಯಲ್ಲ ಅನಿಸುವ ಹಲ್ಲಿಗೂ ಎಷ್ಟೋ ಸಲ ರೂಟ್ ಕೆನಾಲ್ ಮಾಡಿ, ವಸಡಿನ ಮಟ್ಟಕ್ಕೆ ಕತ್ತರಿಸಿ, ಮೇಲೆ ಮುಚ್ಚಿ ಬೇರನ್ನು ಒಳಗೇ ಬಿಡುತ್ತೇನೆ. ಅಂಥವರನ್ನು ಮೂರು ತಿಂಗಳಿಗೊಮ್ಮೆ ಕರೆಸಿ ನೋಡುತ್ತೇನೆ.