ಘಟ್ಟ ಇಳಿದು ಮಂಗಳೂರು: ಮಡಿಕೇರಿಯಿಂದ ಎರಡು ದಿನಕ್ಕೆ ನಾನು ಹೊಂದಿಸಿಕೊಂಡಿರುವ ಕ್ರಮ

ಮಡಿಕೇರಿಯಿಂದ ಮಂಗಳೂರಿಗೆ 140 ಕಿ.ಮೀ. ಒಳಗೇ. ಮೊಬೈಲಿನ ಮ್ಯಾಪು ಮೂರು ಗಂಟೆ ಚಿಲ್ಲರೆ ಎನ್ನುತ್ತದೆ. ಅದನ್ನೇ ನಂಬಿ ಶನಿವಾರ ಹತ್ತರ ಮೇಲೆ ಹೊರಟು, ಭಾನುವಾರ ಸಂಜೆ ಕಡಲು ನೋಡಿಕೊಂಡು ವಾಪಸ್ ಬರೋಣ ಎಂದು ಹೊರಟವರಿಗೆ ಎರಡೂ ದಿನ ಅರ್ಧಂಬರ್ಧ ಆಗುತ್ತವೆ. ನಾನು ಈ ಪ್ರವಾಸದ ಲೆಕ್ಕವನ್ನು ಕೊನೆಯಿಂದ ಹಾಕುತ್ತೇನೆ. ಭಾನುವಾರ ಘಟ್ಟದ ಬುಡದ ಸಂಪಾಜೆಯಿಂದ ಮೇಲಕ್ಕೆ ಹತ್ತುವಾಗ ಬೆಳಕು ಇರಬೇಕು. ಹಾಗಾದರೆ ಸಂಪಾಜೆ 4 ಗಂಟೆಗೆ, ಸುಳ್ಯ ಮೂರೂಕಾಲಿಗೆ, ಪುತ್ತೂರು ಎರಡೂಕಾಲಿಗೆ, ಮಂಗಳೂರು ಬಿಡುವುದು 1 ಗಂಟೆಗೆ. ಕಡಲಿಗೆ ಶನಿವಾರದ ಸಂಜೆ, ಮೀನಿಗೆ ಭಾನುವಾರದ ಬೆಳಗು. ಉಳಿದದ್ದನ್ನೆಲ್ಲ ಇವೆರಡರ ನಡುವೆ ತುರುಕಬೇಕು.

ಹೊರಡುವುದು ಶನಿವಾರ ಬೆಳಿಗ್ಗೆ ಆರೂವರೆಗೆ. ಅದಕ್ಕಿಂತ ಬೇಗ ಹೊರಟರೆ ಚಳಿಗಾಲದಲ್ಲಿ ಮಡಿಕೇರಿಯಿಂದ ಮದೆನಾಡಿನವರೆಗೆ ಮಂಜಿನಲ್ಲಿ ತಡಕಾಡಬೇಕು. ತಡವಾದರೆ ಘಟ್ಟದಲ್ಲಿ ಲಾರಿಗಳ ಹಿಂದೆ ಸಿಕ್ಕಿಬೀಳುತ್ತೀರಿ. ಮಡಿಕೇರಿ ಸಮುದ್ರಮಟ್ಟದಿಂದ 1150 ಮೀಟರಿನ ಆಸುಪಾಸಿನಲ್ಲಿದೆ. ಸಂಪಾಜೆ ತಲುಪುವಷ್ಟರಲ್ಲಿ ಹತ್ತಿರಹತ್ತಿರ ಸಾವಿರ ಮೀಟರ್ ಇಳಿದಿರುತ್ತೀರಿ, ಅದೂ ಮೂವತ್ತು ಕಿಲೋಮೀಟರಿನೊಳಗೆ. ಈ ಇಳಿಜಾರನ್ನು ಬ್ರೇಕಿನ ಮೇಲೆ ಇಳಿಸಬಾರದು, ಗೇರಿನ ಮೇಲೆ ಇಳಿಸಬೇಕು. ಹತ್ತುವಾಗ ಯಾವ ಗೇರು ಬೇಕಾಗುತ್ತದೋ ಇಳಿಯುವಾಗಲೂ ಅದೇ: ಜೋಡುಪಾಲದ ತಿರುವುಗಳಲ್ಲಿ ಎರಡು, ಸ್ವಲ್ಪ ನೇರ ಸಿಕ್ಕಲ್ಲಿ ಮೂರು. ಆಟೊಮ್ಯಾಟಿಕ್ ಗಾಡಿಯಾದರೆ ಮ್ಯಾನ್ಯುವಲ್ ಮೋಡಿಗೆ ಹಾಕಿ, ಅಥವಾ ‘ಎಲ್’ ಇದ್ದರೆ ಅದಕ್ಕೆ. ‘ಡಿ’ಯಲ್ಲೇ ಬಿಟ್ಟರೆ ಗಾಡಿ ತಾನಾಗಿ ಮೇಲಿನ ಗೇರಿಗೆ ಹೋಗಿ ವೇಗ ಹಿಡಿಯುತ್ತದೆ, ನೀವು ಬ್ರೇಕ್ ಒತ್ತುತ್ತಲೇ ಇರಬೇಕಾಗುತ್ತದೆ.

ಒತ್ತುತ್ತಲೇ ಇದ್ದರೆ ಪ್ಯಾಡು ಕಾದು ಹಿಡಿತ ತಪ್ಪುತ್ತದೆ. ಸುಟ್ಟ ವಾಸನೆ ಅದರ ಮೊದಲ ಸೂಚನೆ. ಅದಕ್ಕಿಂತ ಕೆಟ್ಟದ್ದು ಬ್ರೇಕ್ ಆಯಿಲಿನದು. ಅದು ಗಾಳಿಯ ತೇವ ಹೀರುತ್ತದೆ, ಕೊಡಗಿನ ಮಳೆಗಾಲದಲ್ಲಿ ತೇವಕ್ಕೆ ಬರವಿಲ್ಲ. ನೀರು ಸೇರಿದ ಆಯಿಲು ಕಾದಾಗ ಒಳಗೆ ಆವಿ ಗುಳ್ಳೆ ಕಟ್ಟಿ ಪೆಡಲು ಮೆತ್ತಗಾಗುತ್ತದೆ, ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದನ್ನು ತಪ್ಪಿಸುವುದಿಲ್ಲ. ವಾಸನೆ ಬಂದರೆ ರಸ್ತೆ ಅಗಲವಿರುವ ಕಡೆ ನಿಲ್ಲಿಸಿ ಇಪ್ಪತ್ತು ನಿಮಿಷ ಬಿಡಿ. ಚಕ್ರದ ಮೇಲೆ ನೀರು ಸುರಿಯಬೇಡಿ, ಕಾದ ಡಿಸ್ಕ್ ಸೊಟ್ಟಗಾಗುತ್ತದೆ. ನ್ಯೂಟ್ರಲ್ ಹಾಕಿ ಪೆಟ್ರೋಲ್ ಉಳಿಸುವವರು ಇನ್ನೂ ಇದ್ದಾರೆ. ಈಗಿನ ಇಂಜಿನ್‌ಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನವನ್ನೇ ಕಡಿತಗೊಳಿಸುತ್ತವೆ. ನ್ಯೂಟ್ರಲ್ಲಿನಲ್ಲಾದರೆ ಇಂಜಿನ್ ಆಫ್ ಆಗದಿರಲು ಇಂಧನ ಸುಡಲೇಬೇಕು. ಹಾಗಾಗಿ ಅದರಲ್ಲಿ ಉಳಿತಾಯವೂ ಇಲ್ಲ. ಎದುರಿಗೆ ಹತ್ತಿ ಬರುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು. ಇದು ಸೌಜನ್ಯ ಮಾತ್ರವಲ್ಲ, ನಿಯಮವೂ ಹೌದು.

ಮಂಜು ಇದ್ದರೆ ಲೋ ಬೀಮ್, ಎಡಗಡೆಯ ಬಿಳಿ ಗೆರೆ. ಹೈ ಬೀಮ್ ಹಾಕಿದರೆ ಮುಂದೆ ಬಿಳಿ ಗೋಡೆ ಮಾತ್ರ ಕಾಣುತ್ತದೆ. ಚಲಿಸುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸಬೇಡಿ, ನೀವು ನಿಂತಿದ್ದೀರೋ ತಿರುಗುತ್ತಿದ್ದೀರೋ ಹಿಂದಿನವರಿಗೆ ತಿಳಿಯುವುದಿಲ್ಲ. ಸಂಪಾಜೆ ದಾಟಿ ಸೆಕೆ ಶುರುವಾದ ಮೇಲೆ ಇನ್ನೊಂದು ಕಾಟ: ಎ.ಸಿ. ಜೋರಾಗಿದ್ದರೆ ಗಾಜಿನ ಹೊರಮೈಗೆ ಹಬೆ ಕಟ್ಟುತ್ತದೆ. ಒಳಗಿನಿಂದ ಎಷ್ಟು ಒರೆಸಿದರೂ ಹೋಗುವುದಿಲ್ಲ. ಒಮ್ಮೆ ವೈಪರ್ ಎಳೆದು ಎ.ಸಿ. ತಂಪನ್ನು ಕಡಿಮೆ ಮಾಡಿದರೆ ಸರಿಹೋಗುತ್ತದೆ.

ವಾಂತಿಯ ವಿಚಾರವನ್ನು ಪ್ರವಾಸದ ಬರಹಗಳಲ್ಲಿ ಯಾರೂ ಹೇಳುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಅದೇ ದೊಡ್ಡ ವಿಚಾರ. ಬರೀ ಹೊಟ್ಟೆಯೂ ಕೂಡದು, ಹಿಂದಿನ ದಿನದ ಪಂದಿ ಕರಿಯೊಂದಿಗೆ ಕಡುಂಬುಟ್ಟು ತಿಂದು ಹೊರಡುವುದೂ ಕೂಡದು. ಎರಡು ಇಡ್ಲಿ ಅಥವಾ ಒಂದು ಅಕ್ಕಿ ಒಟ್ಟಿ ಸಾಕು. ಕಾಫಿಯನ್ನು ಸುಳ್ಯಕ್ಕೆ ಮುಂದೂಡಿ. ಮಾತ್ರೆ ತೆಗೆದುಕೊಳ್ಳುವವರು ಹೊರಡುವುದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ನುಂಗಬೇಕು. ತಲೆ ಸುತ್ತಲು ಶುರುವಾದ ಮೇಲೆ ನುಂಗಿದರೆ ಪ್ರಯೋಜನವಿಲ್ಲ, ನಿದ್ದೆ ಮಾತ್ರ ಬರುತ್ತದೆ. ಮಕ್ಕಳಿಗೆ ಎಷ್ಟು ಕೊಡಬೇಕೆಂದು ಡಾಕ್ಟರನ್ನೇ ಕೇಳಿ. ಗಾಡಿ ಓಡಿಸುವವರಿಗೆ ಆ ಮಾತ್ರೆ ಬೇಡ. ಬಸ್ಸಿನಲ್ಲಾದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಸೀಟು ಹಿಡಿಯಿರಿ, ಹಿಂದಿನ ಚಕ್ರದಾಚೆ ಕುಳಿತರೆ ಪ್ರತಿ ತಿರುವಿನಲ್ಲೂ ಎಸೆದಂತಾಗುತ್ತದೆ. ಮೊಬೈಲ್ ನೋಡಬಾರದು.

ಕೊಯನಾಡು, ಸಂಪಾಜೆ, ಕಲ್ಲುಗುಂಡಿ, ಅರಂತೋಡು. ಈ ಹಾದಿಯಲ್ಲಿ ಜೊತೆಗೇ ಹರಿಯುವುದು ಪಯಸ್ವಿನಿ, ಮುಂದೆ ಚಂದ್ರಗಿರಿ ಎನಿಸಿಕೊಂಡು ಕಾಸರಗೋಡಿನ ಬಳಿ ಕಡಲು ಸೇರುತ್ತದೆ. ಅರಂತೋಡಿನಲ್ಲಿ ತಿರುಗಿದರೆ ತೊಡಿಕಾನ ಮಲ್ಲಿಕಾರ್ಜುನ ದೇವಸ್ಥಾನ, ದೇವರ ಮೀನುಗಳ ಗುಂಡಿ. ಹೋಗುವಾಗಲೇ ನೋಡಿಬಿಡಿ, ಬರುವಾಗ ಸಮಯ ಸಿಗುವುದಿಲ್ಲ. ಪುತ್ತೂರು ದಾಟಿ ಮಾಣಿಯಲ್ಲಿ ಬೆಂಗಳೂರು ಹೆದ್ದಾರಿ ಸೇರಿದ ಮೇಲೆ ಕಲ್ಲಡ್ಕ. ಅಲ್ಲಿನ ಕೆ.ಟಿ.ಯಲ್ಲಿ (ಕಲ್ಲಡ್ಕ ಟೀ) ಕೆಳಗೆ ಹಾಲು, ಮೇಲೆ ಡಿಕಾಕ್ಷನ್. ಪದರ ನೋಡಿ ಫೋಟೊ ತೆಗೆದ ಮೇಲೆ ಕಲಕಿಯೇ ಕುಡಿಯಿರಿ. ಬಿ.ಸಿ. ರೋಡ್ ಆದ ಮೇಲೆ ಬ್ರಹ್ಮರಕೂಟ್ಲುವಿನಲ್ಲಿ ಟೋಲ್, ಫಾಸ್ಟ್ಯಾಗಿನಲ್ಲಿ ಹಣ ಇದೆಯೇ ಎಂದು ಮನೆಯಲ್ಲೇ ನೋಡಿಕೊಂಡಿರಿ. ಮದೆನಾಡಿನಿಂದ ಸಂಪಾಜೆಯವರೆಗೆ ನೆಟ್‌ವರ್ಕ್ ನೆಚ್ಚಿಕೊಳ್ಳುವ ಹಾಗಿಲ್ಲ.

ವಸತಿ ಎಲ್ಲಿ ಎಂಬುದಕ್ಕೆ ನನ್ನ ಉತ್ತರ: ಹಂಪನಕಟ್ಟೆ, ಕದ್ರಿ, ಬಿಜೈ ಈ ಸುತ್ತಿನಲ್ಲಿ. ಕಡಲ ದಡದ ರೂಮು ಚೆಂದ, ಆದರೆ ಒಂದೇ ರಾತ್ರಿಗೆ ಹೋದವರಿಗೆ ಊಟಕ್ಕೂ ಧಕ್ಕೆಗೂ (ಮೀನುಗಾರಿಕೆ ಬಂದರು) ಓಡಾಡುವುದರಲ್ಲೇ ಹೊತ್ತು ಹೋಗುತ್ತದೆ. ಕೆ.ಎಸ್.ಆರ್.ಟಿ.ಸಿ. ಬಸ್‌ಸ್ಟ್ಯಾಂಡ್ ಬಿಜೈಯಲ್ಲಿದೆ. ಸಿಟಿ ಬಸ್ಸುಗಳು ಹೊರಡುವುದು ಸ್ಟೇಟ್‌ಬ್ಯಾಂಕ್ ಎಂಬ ನಿಲ್ದಾಣದಿಂದ. ಕಾರಿಗೆ ಪಾರ್ಕಿಂಗ್ ಇದೆಯೇ ಎಂದು ಬುಕ್ ಮಾಡುವಾಗಲೇ ಕೇಳಿ, ಹಂಪನಕಟ್ಟೆಯಲ್ಲಿ ರಸ್ತೆ ಬದಿಯ ಜಾಗದ ಆಸೆ ಇಟ್ಟುಕೊಳ್ಳಬೇಡಿ.

ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಬೀಚಿಗೆ ಹೋಗಿ ಸುಸ್ತಾಗುವುದು ನಮ್ಮ ಕಡೆಯವರ ಚಾಳಿ. ಕೊಡಗಿನ ಮೈಗೆ ಅಲ್ಲಿನ ತೇವದ ಸೆಕೆ ತಟ್ಟುತ್ತದೆ. ಹನ್ನೆರಡರಿಂದ ಮೂರೂವರೆವರೆಗೆ ಊಟ, ನೆರಳು, ಒಳಾಂಗಣ. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ಲಿನ ಗೋಡೆ, ಛಾವಣಿಗಳನ್ನು ಇಟಲಿಯ ಜೆಸ್ವಿಟ್ ಕಲಾವಿದ ಆಂಟೋನಿಯೊ ಮೊಸ್ಕೇನಿ 19ನೆಯ ಶತಮಾನದ ಕೊನೆಯ ಹೊತ್ತಿಗೆ ಚಿತ್ರಗಳಿಂದ ತುಂಬಿದ. ಅರ್ಧ ಗಂಟೆ ತಲೆ ಎತ್ತಿ ನೋಡುವಷ್ಟಿದೆ. ಕದ್ರಿ ಮಂಜುನಾಥ ದೇವಸ್ಥಾನದ ಕಂಚಿನ ಲೋಕೇಶ್ವರ ವಿಗ್ರಹ ಕ್ರಿ.ಶ. 968ರದು. ದೇವಸ್ಥಾನ ಮಧ್ಯಾಹ್ನ ಮುಚ್ಚುವುದರಿಂದ ಬೆಳಿಗ್ಗೆ ಊರು ಸೇರುತ್ತಲೇ ಅಲ್ಲಿಗೆ ಹೋಗುವುದು ಒಳ್ಳೆಯದು.

ಕಡಲಿಗೆ ಎರಡು ದಾರಿ. ಪಣಂಬೂರು ನಗರದಿಂದ ಸುಮಾರು 10 ಕಿ.ಮೀ., ಜನ ಹೆಚ್ಚು, ಜೀವರಕ್ಷಕರಿರುತ್ತಾರೆ. ನನ್ನ ಆಯ್ಕೆ ತಣ್ಣೀರುಬಾವಿ. ಕಾರಿನಲ್ಲಿ ಅಲ್ಲಿಗೆ ಕೂಳೂರು ಸೇತುವೆ, ಪಣಂಬೂರು ಎಂದು ಸುತ್ತು ಹೊಡೆಯಬೇಕು. ಸುಲ್ತಾನ್ ಬತ್ತೇರಿಯಲ್ಲಿ ಗಾಡಿ ನಿಲ್ಲಿಸಿ ದೋಣಿ ಹತ್ತಿದರೆ ಕೆಲವೇ ನಿಮಿಷಗಳಲ್ಲಿ ಗುರುಪುರ ನದಿ ದಾಟಿ ಆಚೆ ದಡ. ಗುರುಪುರ ನದಿಗೆ ಶತ್ರುಗಳ ಹಡಗು ನುಗ್ಗದಂತೆ ಟಿಪ್ಪು 1784ರಲ್ಲಿ ಕಟ್ಟಿಸಿದ ಕಾವಲು ಕೋಟೆ ಆ ಕಡವಿನ ಪಕ್ಕದಲ್ಲೇ ಇದೆ. ದೋಣಿ ಇಳಿಯುವಾಗಲೇ ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಕೇಳಿಟ್ಟುಕೊಳ್ಳಿ. ತಪ್ಪಿದರೆ ಕಾರು ಈಚೆ ದಡದಲ್ಲಿ, ನೀವು ಆಚೆ, ಆಟೊದವರು ಹೇಳಿದ್ದೇ ರೇಟು. ಸೂರ್ಯ ಮುಳುಗುವುದು ನವೆಂಬರ್ ಕೊನೆಗೆ ಆರು ದಾಟುತ್ತಲೇ, ಮೇ ಕೊನೆಗೆ ಏಳಕ್ಕೆ ಸ್ವಲ್ಪ ಮೊದಲು. ನಾಲ್ಕೂವರೆಗೆ ಅಲ್ಲಿದ್ದರೆ ಸರಿ.

ಹೊಳೆಯಲ್ಲಿ ಈಜು ಕಲಿತವರಿಗೆ ಕಡಲಿನಲ್ಲಿ ಧೈರ್ಯ ಹೆಚ್ಚು, ಅಪಾಯವೂ ಹೆಚ್ಚು. ಎರಡು ಕಡೆ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಬಣ್ಣ ಬೇರೆಯಾಗಿ ಕಂಡರೆ ನೀರು ವಾಪಸ್ ಎಳೆಯುವುದು ಅಲ್ಲೇ. ನೋಡಲು ಸುರಕ್ಷಿತ ಅನಿಸುವ ಜಾಗವೂ ಅದೇ. ಸಿಕ್ಕಿಕೊಂಡರೆ ದಡದ ಕಡೆ ಈಜಿ ದಣಿಯಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಆಮೇಲೆ ಒಳಬನ್ನಿ. ಸೋಮೇಶ್ವರದ ಬಂಡೆಗಳ ಬಳಿ ನೀರಿಗಿಳಿಯಲೇಬೇಡಿ, ಮೇಲೆ ನಿಂತು ನೋಡಿ ಬನ್ನಿ.

ರಾತ್ರಿ ಊಟ: ಬಂಗುಡೆ ಪುಳಿಮುಂಚಿ, ಕಾಣೆ ರವಾ ಫ್ರೈ, ಕೋರಿ ರೊಟ್ಟಿ. ಅಂಜಲ್, ಪಾಂಫ್ರೆಟ್‌ಗಳಿಗೆ ಮೆನುವಿನಲ್ಲಿ ಬೆಲೆ ಬರೆಯದ ಹೋಟೆಲುಗಳಿವೆ. ಆರ್ಡರಿಗೆ ಮೊದಲೇ ತುಂಡಿಗೆಷ್ಟು ಎಂದು ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ.

ಭಾನುವಾರ ಬೆಳಿಗ್ಗೆ 6ಕ್ಕೆ ಧಕ್ಕೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಗ ನಾಡದೋಣಿಯ ಮೀನು ಮಾತ್ರ, ಬೆಲೆಯೂ ಏರಿರುತ್ತದೆ. ಆ ತಿಂಗಳುಗಳಲ್ಲಿ ಮೀನಿಗೆಂದೇ ಇಳಿಯಬೇಡಿ. ಉಳಿದ ಕಾಲದಲ್ಲಿ ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಾಗಿರಬೇಕು, ಬೆರಳಿನಿಂದ ಒತ್ತಿದ ಗುಳಿ ತಕ್ಷಣ ಮೇಲೇಳಬೇಕು. ವಾಸನೆ ಕಡಲಿನದಾಗಿರಬೇಕು, ಮೀನಿನದಲ್ಲ.

ನಾನು ಒಯ್ಯುವುದು 20 ಲೀಟರಿನ ಥರ್ಮೋಕೋಲ್ ಪೆಟ್ಟಿಗೆ. ಅದಕ್ಕೆ 4 ಕೆ.ಜಿ. ಮೀನು, 4 ಕೆ.ಜಿ. ಐಸ್. ತೂಕಕ್ಕೆ ತೂಕ, ಅದಕ್ಕಿಂತ ಕಡಿಮೆ ಐಸ್ ಹಾಕಿದರೆ ಸುಳ್ಯಕ್ಕೆ ಬರುವಷ್ಟರಲ್ಲಿ ನೀರು. ಐಸ್ ಪುಡಿಯಾಗಿರಲಿ. ಗಡ್ಡೆ ಐಸಿನ ನಡುವೆ ಗಾಳಿ ಉಳಿದು ಮೀನು ಸಮವಾಗಿ ತಣಿಯುವುದಿಲ್ಲ, ಜೊತೆಗೆ ಘಟ್ಟದ ತಿರುವಿನಲ್ಲಿ ಗಡ್ಡೆ ಉರುಳಿ ಕಾಣೆಯಂಥ ಮೆತ್ತನೆ ಮೀನು ಜಜ್ಜಿಹೋಗುತ್ತದೆ. ತಳಕ್ಕೆ ಎರಡಿಂಚು ಐಸ್, ಮೇಲೆ ಒಂದು ಸಾಲು ಮೀನು, ಮತ್ತೆ ಐಸ್, ಹೀಗೆ. ಎಲ್ಲಕ್ಕಿಂತ ಮೇಲೆ ಐಸೇ ಇರಬೇಕು. ಅಂಗಡಿಯವರು ಕೊಡುವ ಪ್ಲಾಸ್ಟಿಕ್ ಚೀಲದಲ್ಲಿ ಎಲ್ಲ ಮೀನನ್ನೂ ಗಂಟು ಕಟ್ಟಿ ಐಸಿನಲ್ಲಿಟ್ಟರೆ ಮುದ್ದೆಯ ನಡುಭಾಗ ಬೆಚ್ಚಗೇ ಉಳಿಯುತ್ತದೆ. ಬಂಗುಡೆ, ಬೂತಾಯಿ ಬೆಚ್ಚಗೆ ಕುಳಿತರೆ ಹಿಸ್ಟಮೀನ್ ಎಂಬ ವಸ್ತು ಹುಟ್ಟುತ್ತದೆ. ಮುಖ ಕೆಂಪೇರಿ ತುರಿಕೆ ಬರುವುದು ಅದರಿಂದಲೇ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಈ ಎರಡನ್ನು ಧಕ್ಕೆಯಲ್ಲೇ ಕರುಳು, ಕಿವಿರು ತೆಗೆಸಿಬಿಡಿ.

ಕರಗಿದ ನೀರಿನಲ್ಲಿ ಮೀನು ಮುಳುಗಿರಬಾರದು. ಪೆಟ್ಟಿಗೆಯ ತಳದ ಮೂಲೆಯಲ್ಲಿ ಪೆನ್ಸಿಲ್ ಗಾತ್ರದ ತೂತು, ಕೆಳಗೆ ಅಗಲದ ಪ್ಲಾಸ್ಟಿಕ್ ಟಬ್ಬು. ಟಬ್ಬು ಇಲ್ಲದೆ ಡಿಕ್ಕಿಯಲ್ಲಿಟ್ಟರೆ ಆ ನೀರು ಕಾರ್ಪೆಟ್ಟಿಗೆ ಇಳಿದು ಮುಂದಿನ ಮಳೆಗಾಲದವರೆಗೆ ನಾರುತ್ತದೆ. 1 ಗಂಟೆಗೆ ಊರು ಬಿಡುವ ಮೊದಲು ಮುಚ್ಚಳ ತೆಗೆದು ನೋಡಿ, ಕರಗಿದಷ್ಟು ಐಸ್ ಸೇರಿಸಿ, ಮುಚ್ಚಳದ ಸುತ್ತ ಟೇಪ್ ಅಂಟಿಸಿ. ಅಲ್ಲಿಂದ ಮನೆಯವರೆಗೆ ತೆರೆಯಬೇಡಿ.

ಹತ್ತುವಾಗಿನ ತೊಂದರೆ ಬ್ರೇಕಿನದಲ್ಲ, ಇಂಜಿನ್ನಿನದು. ಐದು ಜನ, ಲಗೇಜು, ಸಣ್ಣ ಪೆಟ್ರೋಲ್ ಗಾಡಿ ಎಂದಾದರೆ ಮೇಲಿನ ಗೇರಿನಲ್ಲಿ ಮುಲುಕಿಸಬೇಡಿ. ಬೇಗನೆ ಗೇರು ಇಳಿಸಿ, ಜೋಡುಪಾಲದಿಂದ ಮೇಲಕ್ಕೆ ಎ.ಸಿ. ನಿಲ್ಲಿಸಿ. ಹೇಗೂ ಅಲ್ಲಿಂದ ಎ.ಸಿ. ಬೇಕಾಗುವುದಿಲ್ಲ. ಉಷ್ಣದ ಮುಳ್ಳು ಏರಿದರೆ ನಿಲ್ಲಿಸಿ ಬಾನೆಟ್ ಎತ್ತಿ, ರೇಡಿಯೇಟರ್ ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ. ನಗರದ ಓಡಾಟವೂ ಸೇರಿ ಒಟ್ಟು 320 ಕಿ.ಮೀ. ಹಿಡಿದರೆ, ಲೀಟರಿಗೆ 15 ಕೊಡುವ ಗಾಡಿಗೆ 21–22 ಲೀಟರ್ ಬೇಕು. ಸುಳ್ಯದಲ್ಲಿ ಮೀಟರ್ ನೋಡಿಯೇ ಮುಂದೆ ಹೋಗಿ.

ಮಳೆಗಾಲದ ಮಾತು ಬೇರೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡ ಜರಿದು ಈ ರಸ್ತೆಯೇ ಕಡಿದುಹೋಗಿತ್ತು. 2024ರ ಜುಲೈನಲ್ಲಿ ಕರ್ತೋಜಿ ಬಳಿ ಗುಡ್ಡ ಕುಸಿಯುವ ಭಯದಿಂದ ಕೆಲವು ರಾತ್ರಿ ಸಂಚಾರ ನಿಲ್ಲಿಸಿದ್ದರು. ಹೊರಡುವ ಹಿಂದಿನ ಸಂಜೆ ಜಿಲ್ಲಾಡಳಿತದ ಆದೇಶ ನೋಡಿ. ಬದಲಿಗೆ ಭಾಗಮಂಡಲ, ಕರಿಕೆ, ಪಾಣತ್ತೂರು ಮೇಲೆ ಸುಳ್ಯಕ್ಕೆ ಇಳಿಯುವ ದಾರಿ ಇದೆ. ಕಿರಿದು, ಕಾಡು, ಒಂಟಿ ಗಾಡಿ ಕೆಟ್ಟು ನಿಂತರೂ ದಾರಿ ಬಂದ್. ಘಟ್ಟದ ರಸ್ತೆ ಮುಚ್ಚುವಂಥ ಮಳೆಯಲ್ಲಿ ಅದೂ ಭರವಸೆಯದಲ್ಲ. ಆ ವಾರ ಮನೆಯಲ್ಲಿರಿ. ವಿರಾಜಪೇಟೆ, ಗೋಣಿಕೊಪ್ಪದವರಿಗೆ ಹೇಗೂ ಮಾಕುಟ್ಟ ಇಳಿದು ಕಣ್ಣೂರೇ ಹತ್ತಿರ. ಅಲ್ಲಿನ ಮುಳಪ್ಪಿಲಂಗಾಡಿನಲ್ಲಿ ಮರಳಿನ ಮೇಲೆ ಕಾರು ಓಡಿಸಬಹುದು. ಉಬ್ಬರ ಇಳಿದ ಒದ್ದೆ ಗಟ್ಟಿ ಮರಳಿನಲ್ಲಿ ಮಾತ್ರ, ಒಣ ಮರಳಿಗೆ ಹೋದರೆ ಚಕ್ರ ಹೂಳುತ್ತದೆ.

ಮನೆ ತಲುಪಿದ ರಾತ್ರಿಯೇ ಮೀನನ್ನು ಒಂದು ಹೊತ್ತಿಗೆ ಬೇಕಾದಷ್ಟರಂತೆ ಪಾಲು ಮಾಡಿ, ನೀರು ಒರೆಸಿ, ಗಾಳಿ ಹೊರಹಾಕಿ ಫ್ರೀಜರಿಗೆ ಹಾಕಿ. ಅವತ್ತಿನ ಸಾರಿಗೆ ಎತ್ತಿಟ್ಟ ಬಂಗುಡೆಗೆ ಹುಣಿಸೆಯ ಬದಲು ಕಾಚಂಪುಳಿ (ಕೊಡಗಿನ ಕಪ್ಪು, ಗಟ್ಟಿ ಹುಳಿರಸ) ಹಾಕುವುದಾದರೆ ಒಂದು ಕೆ.ಜಿ.ಗೆ ಒಂದು ಟೀ ಚಮಚದಿಂದ ಶುರುಮಾಡಿ, ರುಚಿ ನೋಡಿ ಏರಿಸಿ. ಮರುದಿನ ಗಾಡಿಯ ಅಡಿಭಾಗಕ್ಕೆ ಸಿಹಿನೀರಿನ ಪ್ರೆಶರ್ ವಾಶ್ ಹೊಡೆಸಿ, ಚಕ್ರದ ಕಮಾನಿನ ಒಳಗೂ.