ನೇರಳೆ ಬೀಜ, ಫ್ರಿಜ್‌ನಲ್ಲಿಟ್ಟ ಟ್ಯೂಬು ಮತ್ತು ವಾಪಸ್ ಬಂದ ಪೇಪರು

ನನ್ನ ಮೊದಲ ಸಂಶೋಧನಾ ಪೇಪರ್ ಜರ್ನಲ್‌ನಿಂದ ವಾಪಸ್ ಬಂದಾಗ ಎರಡು ದಿನ ಅದನ್ನು ತೆರೆದೇ ನೋಡಲಿಲ್ಲ.

ತುಮಕೂರಿನಲ್ಲಿ ಬಯೋಕೆಮಿಸ್ಟ್ರಿ ಪಿಎಚ್‌ಡಿ ಮಾಡುವಾಗ ನಾನು ಹಿಡಿದ ವಿಷಯ ಗ್ಲೈಕೇಷನ್. ಸಕ್ಕರೆ ಯಾವ ಕಿಣ್ವದ ಹಂಗೂ ಇಲ್ಲದೆ ಪ್ರೋಟೀನಿಗೆ ಸುಮ್ನೆ ಹೋಗಿ ಅಂಟಿಕೊಳ್ಳುತ್ತದಲ್ಲ, ಅದು. ಹಾಲು ಬತ್ತಿಸಿ ಖೋವಾ ಮಾಡುವಾಗ ಬಣ್ಣ ತಿರುಗುವುದೂ ಇದೇ ಕೆಲಸ. 1912ರಲ್ಲಿ ಫ್ರಾನ್ಸಿನ ವಿಜ್ಞಾನಿ ಮೈಯಾರ್ ಇದನ್ನು ವಿವರಿಸಿದ. ನಮ್ಮ ಮೈಯಲ್ಲಿ ಇದು ನಿಧಾನಕ್ಕೆ ನಡೆಯುತ್ತದೆ, ಶುಗರ್ ಇದ್ದವರಲ್ಲಿ ಜಾಸ್ತಿ. ಮೂರು ತಿಂಗಳ ಶುಗರ್ ಟೆಸ್ಟ್ ಅಂತೀವಲ್ಲ, ಎಚ್‌ಬಿಎ1ಸಿ, ಅದು ಅಳೆಯುವುದು ಹೀಗೆ ಸಕ್ಕರೆ ಅಂಟಿದ ಹಿಮೋಗ್ಲೋಬಿನ್ನನ್ನೇ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಆಮೇಲೆ ಹೊಸದು ಬರುತ್ತದೆ. ಕಣ್ಣಿನ ಮಸೂರದ ಪ್ರೋಟೀನಿಗೆ ಆ ಭಾಗ್ಯ ಇಲ್ಲ. ಅಂಟಿದ್ದು ಅಂಟಿದ ಹಾಗೇ ವರ್ಷಗಟ್ಟಲೆ ಗಟ್ಟಿಯಾಗುತ್ತಾ ಹೋಗುತ್ತದೆ.

ಪ್ರಯೋಗ ಸರಳ. ದನದ ರಕ್ತದ ಆಲ್ಬುಮಿನ್ ಅನ್ನೋ ಪ್ರೋಟೀನು, 0.5 ಮೋಲಾರ್ ಗ್ಲೂಕೋಸ್, 7.4 ಪಿಎಚ್‌ನ ಬಫರ್, 37 ಡಿಗ್ರಿಯಲ್ಲಿ ನಾಲ್ಕು ವಾರ. ಕೆಲವು ಟ್ಯೂಬುಗಳಿಗೆ ನೇರಳೆ ಬೀಜದ ಸಾರ ಹಾಕಿದ್ದೆ, ಗ್ಲೈಕೇಷನ್ ತಡೆಯುತ್ತಾ ಅಂತ ನೋಡೋಕೆ. ಮೊದಲ ಸಲ ಬ್ಯಾಕ್ಟೀರಿಯಾ ಬೆಳೆಯದ ಹಾಗೆ ತಡೆಯುವ ಸೋಡಿಯಂ ಅಜೈಡ್ ಹಾಕೋದು ಮರೆತು, ಹತ್ತೇ ದಿನಕ್ಕೆ ಟ್ಯೂಬುಗಳೆಲ್ಲ ಗಂಜಿ ತಿಳಿಯ ಹಾಗೆ ಮಬ್ಬಾಗಿ ನಾತ ಹೊಡೆದವು. ಎಲ್ಲ ಚೆಲ್ಲಿ ಹೊಸದಾಗಿ ಶುರು ಮಾಡಿದೆ. ಸಕ್ಕರೆ ಅಂಟಿ ಹಳೆಯದಾದ ಪ್ರೋಟೀನಿಗೆ 370 ನ್ಯಾನೋಮೀಟರ್ ಬೆಳಕು ಬಿಟ್ಟರೆ 440ರ ಹತ್ತಿರ ಹೊಳೆಯುತ್ತದೆ. ಅದನ್ನು ಅಳೆಯುವ ಯಂತ್ರ ನಮ್ಮಲ್ಲಿರಲಿಲ್ಲ. ಟ್ಯೂಬುಗಳಿಗೆ ಫಾಯಿಲ್ ಸುತ್ತಿ, ಐಸ್ ತುಂಬಿದ ಫ್ಲಾಸ್ಕಿನಲ್ಲಿಟ್ಟು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗುತ್ತಿದ್ದೆ. ಯಶವಂತಪುರ ಬರುವವರೆಗೂ ಫ್ಲಾಸ್ಕ್ ತೊಡೆ ಮೇಲೆ, ಸೀಟು ಸಿಕ್ಕಿದ ದಿನ.

ಸಾರ ಹಾಕಿದ ಟ್ಯೂಬಿನಲ್ಲಿ ಹೊಳಪು ಧಡಾರನೆ ಇಳಿದಿತ್ತು. ಖುಷಿಯೋ ಖುಷಿ. ಮಧುಮೇಹದ ತೊಂದರೆಗಳನ್ನು ತಡೆಯುತ್ತದೆ ಅಂತ ಶೀರ್ಷಿಕೆಯಲ್ಲೇ ಬರೆದು ಕಳಿಸಿಬಿಟ್ಟೆ.

ಜರ್ನಲ್‌ನ ವಿಮರ್ಶಕರು ಕೇಳಿದ್ದು ಎರಡು ಪ್ರಶ್ನೆ. ಹೋಲಿಸಿ ನೋಡೋಕೆ ಅಂತ ಸಕ್ಕರೆ ಹಾಕದೆ ಬಿಟ್ಟ ಟ್ಯೂಬನ್ನು ಎಲ್ಲಿಟ್ಟಿದ್ರಿ? ಫ್ರಿಜ್‌ನಲ್ಲಿ. ಅದೂ ನಾಲ್ಕು ವಾರ 37 ಡಿಗ್ರಿಯಲ್ಲೇ ಇರಬೇಕಿತ್ತು ಅಲ್ವಾ, ಇಲ್ಲದಿದ್ದರೆ ಬರೀ ಕಾವಿಗೆ ಆದ ಬದಲಾವಣೆಯೂ ಸಕ್ಕರೆಯ ಲೆಕ್ಕಕ್ಕೆ ಸೇರಿಬಿಡುತ್ತದೆ. ಎರಡನೆಯದು ಇನ್ನೂ ಚುರುಕು: ನಿಮ್ಮ ಸಾರಕ್ಕೇ ಬಣ್ಣ ಇದೆ, ಅದು ಗ್ಲೈಕೇಷನ್ ತಡೆಯಿತೋ ಅಥವಾ ಬೆಳಕನ್ನೇ ಕುಡಿದುಬಿಟ್ಟಿತೋ?

ನಿಜ ಹೇಳಬೇಕೆಂದರೆ ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಮತ್ತೆ ನಾಲ್ಕು ವಾರ. ಈ ಸಲ ಒಂದು ಟ್ಯೂಬನ್ನು ಸಾರವಿಲ್ಲದೆ ಪೂರ್ತಿ ಗ್ಲೈಕೇಷನ್ ಆಗೋಕೆ ಬಿಟ್ಟು, ಯಂತ್ರಕ್ಕಿಡುವ ಐದು ನಿಮಿಷ ಮುಂಚೆ ಅದಕ್ಕೆ ಸಾರ ಬೆರೆಸಿದೆ. ಅಷ್ಟು ಹೊತ್ತಿಗೆ ತಡೆಯೋಕೆ ಏನೂ ಉಳಿದಿರುವುದಿಲ್ಲ. ಆದರೂ ಹೊಳಪು ಇಳಿಯಿತು! ಬಣ್ಣದ ಪಾಲನ್ನು ಕಳೆದು ನೋಡಿದರೆ ನನ್ನ ಸಾರದ ಪರಾಕ್ರಮ ಅರ್ಧಕ್ಕಿಂತ ಕಮ್ಮಿ. ಸೊನ್ನೆಯಂತೂ ಅಲ್ಲ.

ಇನ್ನೊಂದು ಮಾತನ್ನೂ ಸೇರಿಸಿದೆ. 0.5 ಮೋಲಾರ್ ಅಂದರೆ ಆರೋಗ್ಯವಂತರ ರಕ್ತದ ಸಕ್ಕರೆಯ ಸುಮಾರು ನೂರು ಪಟ್ಟು. ಬೇಗ ಫಲಿತಾಂಶ ಬರಲಿ ಅಂತ ಎಲ್ಲರೂ ಹಾಗೆ ಮಾಡುತ್ತಾರೆ, ಆದರೆ ಟ್ಯೂಬು ಟ್ಯೂಬೇ, ಮನುಷ್ಯನ ಮೈ ಅಲ್ಲ. ಗ್ಲೈಕೇಷನ್ ತಡೆಯುವ ಅಮಿನೋಗ್ವಾನಿಡಿನ್ ಅನ್ನೋ ಔಷಧ ಟ್ಯೂಬಿನಲ್ಲೂ ಇಲಿಗಳಲ್ಲೂ ಗೆದ್ದು, ಮನುಷ್ಯರ ಮೇಲಿನ ಪರೀಕ್ಷೆ ದಾಟಲಾಗದೆ ನಿಂತುಹೋಯಿತು.

ಶೀರ್ಷಿಕೆಯಲ್ಲಿದ್ದ ಮಧುಮೇಹದ ಮಾತನ್ನು ನಾನೇ ಹೊಡೆದುಹಾಕಿದೆ. ಪೇಪರ್ ಒಪ್ಪಿದರು. ಸೋದರಮಾವನಿಗೆ ಶುಗರ್ ಇದೆ, ಸುದ್ದಿ ಕೇಳಿ ಫೋನ್ ಮಾಡಿದರು: "ಹಾಗಾದ್ರೆ ನೇರಳೆ ಬೀಜದ ಪುಡಿ ತಗೊಂಡು ಮಾತ್ರೆ ಬಿಡ್ಲೇನೋ?" ಬೇಡ ಮಾವ, ಮಾತ್ರೆ ಬಿಡಬೇಡಿ ಅಂದೆ. ಪುಡಿ ಆಗಲೇ ಅರ್ಧ ಕೆಜಿ ತಂದಿಟ್ಟಿದ್ದರಂತೆ.