ಪೇಪರ್ ಕಳಿಸುವ ಮುಂಚೆ ಹತ್ತು ನಿಮಿಷ: ಜರ್ನಲ್ ಸ್ಕೋಪಸ್‌ನಲ್ಲಿ ಇದೆಯಾ?

ಪುಣೆಗೆ ಬಂದು ಪಿಎಚ್‌ಡಿ ಮಾಡುವ ನಮ್ಮ ಕಡೆಯ ಹುಡುಗರು ಫೋನ್ ಮಾಡಿದರೆ ಪ್ರಶ್ನೆ ಒಂದೇ: "ಅಣ್ಣಾ, ಈ ಜರ್ನಲ್ ಸ್ಕೋಪಸ್ಸಾ?" ಸ್ಕೋಪಸ್ ಅಂದರೆ ಸಂಶೋಧನಾ ಜರ್ನಲ್‌ಗಳನ್ನು ಆರಿಸಿ ಪಟ್ಟಿ ಮಾಡುವ ಡೇಟಾಬೇಸ್. ಬರೀ ಹಾಗೆ ಕೇಳಬಾರದು. ಯಾವ ವರ್ಷದಿಂದ ಯಾವ ವರ್ಷದ ತನಕ ಇದೆ ಅಂತ ಕೇಳಬೇಕು. ನನಗೂ ಇದು ಗೊತ್ತಾಗಿದ್ದು ಪೆಟ್ಟು ತಿಂದ ಮೇಲೇ. ಪೇಪರ್ ಕಳಿಸಿದಾಗ ಜರ್ನಲ್ ಪಟ್ಟಿಯಲ್ಲಿತ್ತು, ಎಂಟು ತಿಂಗಳು ಕಳೆದು ಅದು ಅಚ್ಚಾಗಿ ಬರುವಷ್ಟರಲ್ಲಿ ಸ್ಕೋಪಸ್ ಆ ಜರ್ನಲ್ಲನ್ನೇ ಕೈಬಿಟ್ಟಿತ್ತು. ಪ್ರಮೋಷನ್ ಫೈಲಿನಲ್ಲಿ ಸೊನ್ನೆ.

ಸ್ಕೋಪಸ್ ಸೈಟಿನಲ್ಲಿ 'ಸೋರ್ಸಸ್' ಅನ್ನುವ ಪುಟ ಇದೆ. ದುಡ್ಡೂ ಬೇಡ, ಲಾಗಿನ್ನೂ ಬೇಡ. ಅಲ್ಲಿ ಹೆಸರು ಹಾಕಿ ಹುಡುಕಬೇಡಿ, ಐಎಸ್‌ಎಸ್‌ಎನ್ (ಜರ್ನಲ್ಲಿನ ಗುರುತಿನ ಸಂಖ್ಯೆ) ಹಾಕಿ. ಒಂದೇ ಥರದ ಹೆಸರಿನ ಜರ್ನಲ್‌ಗಳು ಬೇಕಾದಷ್ಟಿವೆ. ಜರ್ನಲ್ ಪುಟ ತೆರೆದರೆ ಕವರೇಜ್ ವರ್ಷಗಳು ಕಾಣುತ್ತವೆ. ಕೊನೆಯಲ್ಲಿ 'ಪ್ರೆಸೆಂಟ್' ಅಂತಿದ್ದರೆ ಸರಿ, 'ಡಿಸ್‌ಕಂಟಿನ್ಯೂಡ್' ಅಂತಿದ್ದರೆ ಆಸೆ ಬಿಡಿ. ಕೈಬಿಡುವ ಮುಂಚಿನ ಪೇಪರ್‌ಗಳು ಸಾಮಾನ್ಯವಾಗಿ ಅಲ್ಲೇ ಉಳಿಯುತ್ತವೆ, ಹಾಗಾಗಿ ಹಳೆಯ ಪೇಪರ್ ಕಂಡಿತು ಅಂತ ಖುಷಿಪಡಬೇಡಿ.

ಇಷ್ಟಕ್ಕೇ ನಿಲ್ಲಿಸಬೇಡಿ. ಅಸಲಿ ಜರ್ನಲ್ಲಿನ ಹೆಸರು, ಐಎಸ್‌ಎಸ್‌ಎನ್ ಎರಡನ್ನೂ ಕದ್ದು ನಕಲಿ ಸೈಟು ಮಾಡಿ ದುಡ್ಡು ಕೀಳುವವರಿದ್ದಾರೆ. ಜರ್ನಲ್ಲಿನ ಸೈಟಿನಲ್ಲಿರುವ ಇತ್ತೀಚಿನ ಸಂಚಿಕೆಯ ಎರಡು ಮೂರು ಪೇಪರ್‌ಗಳ ಶೀರ್ಷಿಕೆಯನ್ನು ಸ್ಕೋಪಸ್‌ನಲ್ಲಿ ಹುಡುಕಿ (ಇದಕ್ಕೆ ಲೈಬ್ರರಿಯ ಲಾಗಿನ್ ಬೇಕು). ಹೊಸ ಸಂಚಿಕೆ ಅಲ್ಲಿ ಸೇರಲು ಸ್ವಲ್ಪ ತಡವಾಗುತ್ತದೆ, ಒಪ್ಪೋಣ. ಆದರೆ ಇಡೀ ವರ್ಷದ ಒಂದು ಪೇಪರೂ ಸಿಗದಿದ್ದರೆ ಏನೋ ಎಡವಟ್ಟಾಗಿದೆ ಅಂತಲೇ ಲೆಕ್ಕ.

ಸ್ಕೋಪಸ್ ಥರದ್ದೇ ಇನ್ನೊಂದು ಡೇಟಾಬೇಸ್ ವೆಬ್ ಆಫ್ ಸೈನ್ಸ್. ಅದು ಬೇಕಾದವರು ಅದನ್ನು ನಡೆಸುವ ಕ್ಲಾರಿವೇಟ್ ಕಂಪನಿಯ ಮಾಸ್ಟರ್ ಜರ್ನಲ್ ಲಿಸ್ಟ್ ನೋಡಿ. ಅಲ್ಲಿ 'ಇದೆ' ಅನ್ನುವುದಷ್ಟೇ ಸಾಲದು, ಯಾವ ಪಟ್ಟಿಯಲ್ಲಿದೆ ಅಂತಲೂ ನೋಡಿ. 2015ರಲ್ಲಿ ಶುರುವಾದ ಎಮರ್ಜಿಂಗ್ ಸೋರ್ಸಸ್ ಪಟ್ಟಿಯ ಜರ್ನಲ್‌ಗಳಿಗೂ 2023ರಿಂದ ಇಂಪ್ಯಾಕ್ಟ್ ಫ್ಯಾಕ್ಟರ್ (ಜರ್ನಲ್ಲಿನ ಪೇಪರ್‌ಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಅನ್ನುವ ಅಂಕಿ) ಸಿಗುತ್ತಿದೆ. ಆದರೂ ನಿಮ್ಮ ಕಾಲೇಜು ಅದನ್ನು ಲೆಕ್ಕಕ್ಕೆ ತಗೊಳ್ಳುತ್ತದಾ ಅಂತ ಮೊದಲೇ ಕೇಳಿಕೊಳ್ಳಿ.

ಯುಜಿಸಿ ಕೇರ್ ಅಂತ ಯುಜಿಸಿಯದ್ದೇ ಜರ್ನಲ್ ಪಟ್ಟಿ ಒಂದಿತ್ತು. ಅದರ ಕೆಲಸ ನಡೆಯುತ್ತಿದ್ದದ್ದು ಇಲ್ಲೇ, ನಮ್ಮ ಪುಣೆ ವಿಶ್ವವಿದ್ಯಾಲಯದಲ್ಲಿ. 2025ರ ಫೆಬ್ರವರಿಯಲ್ಲಿ ಯುಜಿಸಿ ಆ ಪಟ್ಟಿ ನಿಲ್ಲಿಸಿದ ಸುದ್ದಿ ಹೊರಬಿತ್ತು. ಈಗಲೂ 'ಕೇರ್ ಲಿಸ್ಟೆಡ್' ಅಂತ ವಾಟ್ಸಾಪಿನಲ್ಲಿ ಜಾಹೀರಾತು ಕಳಿಸುವವರನ್ನು ಸುಮ್ನೆ ಬ್ಲಾಕ್ ಮಾಡಿ.

ಕನ್ನಡದಲ್ಲೇ ಸಂಶೋಧನೆ ಮಾಡುವವರ ಕಷ್ಟ ಬೇರೆ. ಮುಂಬೈಯ ಕಲಿನಾದಲ್ಲಿ ಕನ್ನಡ ಪಿಎಚ್‌ಡಿ ಮಾಡುವ ಗೆಳತಿಗೆ ಸ್ಕೋಪಸ್, ವೆಬ್ ಆಫ್ ಸೈನ್ಸ್ ಎರಡೂ ಪಟ್ಟಿಗಳಿಂದ ಹೆಚ್ಚೇನೂ ಪ್ರಯೋಜನವಿಲ್ಲ. ಸ್ಕೋಪಸ್‌ಗೆ ಸೇರಬೇಕಾದರೆ ಶೀರ್ಷಿಕೆ, ಸಾರಾಂಶ ಇಂಗ್ಲಿಷಿನಲ್ಲಿ, ಆಕರಗಳು ರೋಮನ್ ಲಿಪಿಯಲ್ಲಿ ಇರಬೇಕು. ಹಳಗನ್ನಡದ ಬಗ್ಗೆ ಬರೆಯುವ ಪತ್ರಿಕೆ ಇದಕ್ಕೆಲ್ಲ ಎಲ್ಲಿಗೆ ಹೋಗಬೇಕು, ಹೇಳಿ? ಅಲ್ಲಿ ಇಲ್ಲ ಅಂದಮಾತ್ರಕ್ಕೆ ಪತ್ರಿಕೆ ಕಳಪೆ ಅಲ್ಲ, ಅಲ್ವಾ. ಅಂಥವರು ಗೈಡ್ ಹತ್ತಿರ ಮಾತಾಡಿ, ಯಾವ ಪತ್ರಿಕೆ ನಡೆಯುತ್ತದೆ ಅಂತ ಲಿಖಿತವಾಗಿ ತಗೊಳ್ಳಿ.

ಪೇಪರ್ ಕಳಿಸುವ ದಿನ ಕವರೇಜ್ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ. ತಾರೀಖು ಕಾಣುವ ಹಾಗಿರಲಿ. ಒಪ್ಪಿಗೆ ಬಂದ ದಿನ ಇನ್ನೊಂದು, ಅಚ್ಚಾದ ದಿನ ಮತ್ತೊಂದು.